ರಕ್ತ, ನೀರು ಹೋಗಿ ಶಾಕ್ ಆದಾಗ: ತೋಟದಿಂದ ಆಸ್ಪತ್ರೆ ತನಕ ಏನು ಮಾಡಬೇಕು, ಯಾವುದು ಮೊದಲು

ಕೊಡಗಿನ ತೋಟಗಳಲ್ಲಿ ಪ್ರಥಮ ಚಿಕಿತ್ಸೆ ಹೇಳಿಕೊಡುವಾಗ ನಾನೊಂದು ಚಿಕ್ಕ ಪರೀಕ್ಷೆ ಮಾಡುತ್ತೇನೆ. ಒಬ್ಬರನ್ನು ಕಣದಲ್ಲಿ ಮಲಗಿಸಿ, ತೊಡೆಯ ಮೇಲೆ ಮಡಚಿದ ಟವೆಲ್ ಇಡುತ್ತೇನೆ. ಇನ್ನೊಬ್ಬರಿಗೆ, "ಇಲ್ಲಿಂದ ರಕ್ತ ಚಿಮ್ಮುತ್ತಿದೆ, ಒತ್ತಿ ಹಿಡಿಯಿರಿ, ಹತ್ತು ನಿಮಿಷ ಕೈ ತೆಗೆಯಬೇಡಿ" ಎಂದು ಹೇಳಿ ಗಡಿಯಾರ ನೋಡುತ್ತಾ ನಿಲ್ಲುತ್ತೇನೆ. ಹೆಚ್ಚಿನವರು ಎರಡು ನಿಮಿಷ ಆಗುವ ಮೊದಲೇ ಟವೆಲ್ಲಿನ ಅಂಚು ಎತ್ತಿ ಇಣುಕುತ್ತಾರೆ. ಯಾಕೆ ಅಂತ ಕೇಳಿದರೆ, "ನಿಂತಿತಾ ಅಂತ ನೋಡ್ದೆ" ಅನ್ನುತ್ತಾರೆ. ಹೋದ ವರ್ಷ ಕಲಿತವರೇ ಈ ವರ್ಷವೂ ಅದನ್ನೇ ಮಾಡುತ್ತಾರೆ.

ಹೀಗೆ ಮತ್ತೆ ಮತ್ತೆ ಆಗುವ ತಪ್ಪು ಇನ್ನೂ ಎರಡಿವೆ. ಗಾಯ ನೋಡಿದ ಕೂಡಲೇ ಕೈ ಫೋನಿಗೆ ಹೋಗುತ್ತದೆ. ತೋಟದ ಲೆಕ್ಕ ಬರೆಯುವ ರೈಟರಿಗೆ, ಸಾಹುಕಾರರಿಗೆ, ಜೀಪಿನವನಿಗೆ ಫೋನ್ ಹೋಗುವಷ್ಟು ಹೊತ್ತು ರಕ್ತ ಸುಮ್ನೆ ಹರಿಯುತ್ತಿರುತ್ತದೆ. ಇನ್ನೊಂದು, "ಬಿಪಿ ಸರಿಯಾಗೇ ಇದೆ, ಮಾತಾಡ್ತಾ ಇದ್ದಾನೆ" ಅಂತ ಸಮಾಧಾನ ಮಾಡಿಕೊಂಡು ಕಾಯುವುದು. ಈ ಮೂರೂ ತಪ್ಪುವ ಹಾಗೆ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

## ಮೊದಲು ಇಷ್ಟು ಗೊತ್ತಿರಲಿ

ಇಲ್ಲಿ ಶಾಕ್ ಅಂದರೆ ಕರೆಂಟ್ ಹೊಡೆಯುವುದಲ್ಲ. ಕೆಟ್ಟ ಸುದ್ದಿ ಕೇಳಿ ಆಗುವ ಗಾಬರಿಯೂ ಅಲ್ಲ. ಮೈಯಲ್ಲಿ ಓಡಾಡುವ ರಕ್ತ ಅಥವಾ ನೀರಿನಂಶ ಎಷ್ಟು ಕಡಿಮೆಯಾಗುತ್ತದೆಂದರೆ, ಮಿದುಳು, ಮೂತ್ರಪಿಂಡ, ಕೊನೆಗೆ ಹೃದಯಕ್ಕೂ ಸಾಕಷ್ಟು ರಕ್ತ ಸಿಗುವುದಿಲ್ಲ. ಆ ಸ್ಥಿತಿಗೆ ಶಾಕ್ ಅನ್ನುತ್ತಾರೆ. ಕತ್ತಿ ಗಾಯದಿಂದಲೂ ಆಗುತ್ತದೆ, ಭೇದಿಯಿಂದಲೂ ಆಗುತ್ತದೆ.

ದೊಡ್ಡವರ ಮೈಯಲ್ಲಿ ಒಂದು ಕಿಲೋ ತೂಕಕ್ಕೆ ಸುಮಾರು 70 ಮಿ.ಲೀ. ರಕ್ತ ಇರುತ್ತದೆ. 60 ಕಿಲೋ ತೂಗುವವರಿಗೆ 4 ಲೀಟರಿಗಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಅರ್ಧ ಲೀಟರ್ ಹೋದರೂ ಹೊರಗೆ ಅಷ್ಟೇನೂ ಗೊತ್ತಾಗುವುದಿಲ್ಲ. ಒಂದು ಲೀಟರ್ ಹತ್ತಿರ ಬಂದಾಗ ನಾಡಿ ಜೋರಾಗುತ್ತದೆ, ಕೈಕಾಲು ತಣ್ಣಗಾಗುತ್ತದೆ. ಬಿಪಿ ಬೀಳಲು ಶುರುವಾಗುವುದು ಸಾಮಾನ್ಯವಾಗಿ ನೂರಕ್ಕೆ 30 ಪಾಲು, ಅಂದರೆ ಒಂದೂಕಾಲು ಲೀಟರ್ ದಾಟಿದ ಮೇಲೆ. ಅಲ್ಲಿಯ ತನಕ ರಕ್ತನಾಳಗಳು ಬಿಗಿಯಾಗಿ, ಹೃದಯ ಬೇಗ ಬೇಗ ಬಡಿದು ಬಿಪಿಯನ್ನು ಹಿಡಿದು ನಿಲ್ಲಿಸಿರುತ್ತವೆ. ಅದಕ್ಕೇ ಬಿಪಿ ಮಷೀನ್ ನೋಡಿ ಧೈರ್ಯ ತಂದುಕೊಳ್ಳಬೇಡಿ ಅಂತ ಪ್ರತಿ ಸಲ ಹೇಳುತ್ತೇನೆ.

ಮಕ್ಕಳ ಲೆಕ್ಕ ಇನ್ನೂ ಬಿಗಿ. 10 ಕಿಲೋ ತೂಕದ ಮಗುವಿಗೆ ಇರುವ ರಕ್ತವೇ ಸುಮಾರು 800 ಮಿ.ಲೀ. ಒಂದು ಟೀ ಲೋಟದಷ್ಟು ಹೋದರೆ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಹೋದ ಹಾಗೆ. ಮಕ್ಕಳ ಬಿಪಿ ಕೊನೆಯ ತನಕ ಸರಿ ಇದ್ದು, ಆಮೇಲೆ ಒಮ್ಮೆಲೇ ಕುಸಿಯುತ್ತದೆ.

## ಸಾಮಾನು ಮೊದಲೇ ಸಿದ್ಧವಿರಲಿ

ದುಬಾರಿ ಪೆಟ್ಟಿಗೆ ಬೇಕಿಲ್ಲ. ಆದರೆ ಇವು ಬೇಕೇ ಬೇಕು:

- ಕೈಗವಸು, ನಾಲ್ಕೈದು ಜೊತೆ
- ಗಾಜ್ ಬಟ್ಟೆಯ ಸುರುಳಿ, ಅಗಲವಾದ ಕ್ರೇಪ್ ಬ್ಯಾಂಡೇಜ್, ಒಗೆದು ಒಣಗಿಸಿದ ಹತ್ತಿ ಪಂಚೆ ಅಥವಾ ಟವೆಲ್
- ಟೂರ್ನಿಕೆಟ್, ಅಂದರೆ ರಕ್ತ ತಡೆಯಲು ಕೈಕಾಲಿಗೆ ಬಿಗಿಯುವ ಪಟ್ಟಿ. ಅದಿಲ್ಲದಿದ್ದರೆ ನಾಲ್ಕು ಬೆರಳು ಅಗಲದ ಗಟ್ಟಿ ಬಟ್ಟೆ ಪಟ್ಟಿ ಮತ್ತು ಒಂದು ಗೇಣುದ್ದದ ಗಟ್ಟಿ ಕೋಲು
- ಬಟ್ಟೆ, ಬೂಟು ಕತ್ತರಿಸುವಷ್ಟು ಬಲವಾದ ಕತ್ತರಿ
- ಮಾರ್ಕರ್ ಪೆನ್, ಟಾರ್ಚ್
- ಕಂಬಳಿ ಮತ್ತು ಪ್ಲಾಸ್ಟಿಕ್ ಶೀಟ್
- ಓಆರ್‌ಎಸ್ ಪ್ಯಾಕೆಟ್, ಒಂದು ಲೀಟರ್ ಅಳತೆಯ ಬಾಟಲಿ

ಪೆಟ್ಟಿಗೆ ಆಫೀಸಿನಲ್ಲಿ ಬೀಗ ಹಾಕಿ ಇಡಬೇಡಿ. ಮರ ಕಪಾತು, ಅಂದರೆ ನೆರಳು ಮರದ ಕೊಂಬೆ ಕಡಿಯುವ ಕೆಲಸ ನಡೆಯುವ ದಿನ, ಮೆಣಸು ಕೊಯ್ಯುವ ದಿನ, ಮಷೀನಿನಲ್ಲಿ ಕಳೆ ಹೊಡೆಯುವ ದಿನ ಅದು ಕೆಲಸದ ಜಾಗದಲ್ಲೇ ಇರಬೇಕು. ಇಳಿಜಾರು ತೋಟದಲ್ಲಿ ಆಫೀಸಿಗೆ ಓಡಿ ಹೋಗಿ ಬರಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ದೊಡ್ಡ ರಕ್ತನಾಳ ತುಂಡಾದವರಿಗೆ ಐದು ನಿಮಿಷವೂ ಸಿಗದೇ ಇರಬಹುದು.

## ಹಂತ 1: ಕೂಗಿ ಕರೆಯಿರಿ, ಕೆಲಸ ಹಂಚಿ

ಮಷೀನ್ ಆಫ್ ಮಾಡಿ. ಮೇಲೆ ಅರ್ಧ ಕಡಿದ ಕೊಂಬೆ ತೂಗುತ್ತಿದೆಯಾ ನೋಡಿ. ಕರೆಂಟ್ ತಂತಿ ಬಿದ್ದಿದ್ದರೆ, ಆನೆ ಇನ್ನೂ ಹತ್ತಿರ ಇದ್ದರೆ ಮುಂದೆ ಹೋಗಬೇಡಿ.

ಆಮೇಲೆ ಹೆಸರು ಹಿಡಿದು ಕೆಲಸ ಹೇಳಿ. "ಯಾರಾದ್ರೂ ಫೋನ್ ಮಾಡ್ರಪ್ಪಾ" ಅಂದರೆ ಯಾರೂ ಮಾಡುವುದಿಲ್ಲ. ಒಬ್ಬರು ಗಾಯ ಒತ್ತಲಿ. ಒಬ್ಬರು ಸಿಗ್ನಲ್ ಸಿಗುವ ಜಾಗಕ್ಕೆ ಓಡಿ 108ಕ್ಕೆ ಫೋನ್ ಮಾಡಲಿ. ಮೂರನೆಯವರು ಗೇಟ್ ತೆಗೆಸಿ ರಸ್ತೆಯಲ್ಲಿ ನಿಲ್ಲಲಿ. ನೀವು ಒಬ್ಬರೇ ಇದ್ದರೆ ಮೊದಲು ಗಾಯ, ಆಮೇಲೆ ಫೋನ್. ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟು ಮಾತಾಡಿ.

ಫೋನಿನಲ್ಲಿ ತೋಟದ ಹೆಸರು ಮಾತ್ರ ಹೇಳಿದರೆ ಸಾಲುವುದಿಲ್ಲ. ಊರು, ಹತ್ತಿರದ ಬಸ್ ನಿಲ್ದಾಣ, ಯಾವ ರಸ್ತೆಯಲ್ಲಿ ಎಲ್ಲಿ ತಿರುಗಬೇಕು, ಆಂಬುಲೆನ್ಸ್ ಎಲ್ಲಿಯ ತನಕ ಬರಬಹುದು ಅಂತ ಹೇಳಿ. "ರಕ್ತ ಜಾಸ್ತಿ ಹೋಗಿದೆ" ಅನ್ನುವ ಮಾತು ಮೊದಲೇ ಬರಲಿ. ಅವರು ಇಡಿ ಅನ್ನುವ ತನಕ ಫೋನ್ ಇಡಬೇಡಿ. ನಿಮ್ಮ ತೋಟದಲ್ಲಿ ಸಿಗ್ನಲ್ ಸಿಗುವ ಜಾಗ ಯಾವುದು ಅಂತ ಎಲ್ಲ ಕೆಲಸದವರಿಗೂ ಇವತ್ತೇ ತೋರಿಸಿಡಿ.

## ಹಂತ 2: ರಕ್ತ ಎಲ್ಲಿಂದ ಬರುತ್ತಿದೆ, ಹುಡುಕಿ

ಮೇಲ್ನೋಟಕ್ಕೆ ಕಾಣುವ ಗಾಯವೇ ದೊಡ್ಡ ಗಾಯ ಆಗಿರಬೇಕಂತಿಲ್ಲ. ಕತ್ತರಿ ತೆಗೆದುಕೊಂಡು ಬಟ್ಟೆ ಕತ್ತರಿಸಿ ನೋಡಿ. ಮಳೆಗಾಲದಲ್ಲಿ ರೈನ್‌ಕೋಟ್ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಬೆನ್ನಿನ ಕೆಳಗೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಕೈಯಾಡಿಸಿ, ಕೈಗವಸಿನಲ್ಲಿ ಕೆಂಪಾಯಿತಾ ಅಂತ ನೋಡಿ.

ಗಮ್‌ಬೂಟನ್ನು ಮರೆಯಬೇಡಿ. ಕಳೆ ಹೊಡೆಯುವ ಮಷೀನಿನ ಬ್ಲೇಡ್ ತಗುಲಿದ ಒಬ್ಬರನ್ನು ನಾನು ನೋಡಿದ್ದೆ. ಮೊಣಕಾಲಿನ ಕೆಳಗೆ ಪ್ಯಾಂಟ್ ಹರಿದಿತ್ತು, ನೆಲದ ಮೇಲೆ ನಾಲ್ಕು ಹನಿ ರಕ್ತ. "ಸಣ್ಣ ಗಾಯ" ಅಂತ ಕಲ್ಲಿನ ಮೇಲೆ ಕೂರಿಸಿದ್ದರು. ಬೂಟ್ ಕತ್ತರಿಸಿ ತೆಗೆದಾಗ ಒಳಗಿನಿಂದ ರಕ್ತ ಗಳಗಳ ಸುರಿಯಿತು. ಕಾಲುಚೀಲ ಹಿಂಡಿದರೆ ಮತ್ತಷ್ಟು ಬಂತು. ಅವರ ತುಟಿ ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು.

ನೆಲ ನೋಡಿ ಅಂದಾಜು ಮಾಡುವಾಗಲೂ ಮೋಸ ಹೋಗುತ್ತೇವೆ. ಸಿಮೆಂಟ್ ಕಣದ ಮೇಲೆ ಒಂದು ಲೋಟ ರಕ್ತ ಚೆಲ್ಲಿದರೆ ಕೊಲೆ ನಡೆದ ಹಾಗೆ ಕಾಣುತ್ತದೆ. ತೋಟದ ತರಗೆಲೆಯ ಮೇಲೆ ಒಂದು ಲೀಟರ್ ಹೋದರೂ ಮಣ್ಣು ಕುಡಿದುಬಿಡುತ್ತದೆ. ಜಿಗಣೆ ಕಚ್ಚಿದ ಜಾಗದಿಂದ ತುಂಬಾ ಹೊತ್ತು ರಕ್ತ ಬರುತ್ತದೆ, ಆದರೆ ಅದರಿಂದ ಶಾಕ್ ಆಗುವುದಿಲ್ಲ. ಅದರ ಗಾಬರಿಯಲ್ಲಿ ದೊಡ್ಡ ಗಾಯ ಬಿಟ್ಟುಹೋಗಬಾರದು, ಅಷ್ಟೇ.

## ಹಂತ 3: ಒತ್ತಿ ಹಿಡಿಯಿರಿ, ಕೈ ತೆಗೆಯಬೇಡಿ

ಇಡೀ ಕೆಲಸದಲ್ಲಿ ಜೀವ ಉಳಿಸುವ ಹಂತ ಇದೇ. ನಿಧಾನವಾಗಿ ಓದಿ.

ಬಟ್ಟೆಯನ್ನು ದಪ್ಪಗೆ ಮಡಚಿ. ರಕ್ತ ಬರುವ ಬಾಯಿಯ ಮೇಲೆ ನೇರವಾಗಿ ಇಡಿ. ಒಂದು ಅಂಗೈ, ಅದರ ಮೇಲೆ ಇನ್ನೊಂದು ಅಂಗೈ. ಮೊಣಕೈ ನೆಟ್ಟಗಿರಲಿ. ತೋಳಿನ ಬಲದಿಂದ ಒತ್ತಿದರೆ ಬೇಗ ಸುಸ್ತಾಗುತ್ತೀರಿ, ಅದಕ್ಕೆ ಮಂಡಿಯೂರಿ ಮೈಭಾರ ಹಾಕಿ. ಗಾಯಗೊಂಡವರು ಗಟ್ಟಿ ನೆಲದ ಮೇಲೆ ಮಲಗಿದ್ದರೆ ಒತ್ತಡ ಚೆನ್ನಾಗಿ ಬೀಳುತ್ತದೆ, ಹಾಸಿಗೆಯ ಮೇಲೆ ಬೀಳುವುದಿಲ್ಲ.

ಗಡಿಯಾರ ನೋಡಿ. ಕಡಿಮೆ ಅಂದರೂ ಪೂರ್ತಿ ಹತ್ತು ನಿಮಿಷ. ಹೆಪ್ಪು ಕಟ್ಟುವುದೆಂದರೆ ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ, ಅಲ್ವಾ? ಮಧ್ಯೆ ಅಲ್ಲಾಡಿಸಿದರೆ ಮೊಸರು ಗಟ್ಟಿಯಾಗುವುದಿಲ್ಲ. ಒಂದು ಸಲ ಇಣುಕಿ ನೋಡಿದರೆ ಆಗತಾನೇ ಕಟ್ಟಿದ ಹೆಪ್ಪು ಬಟ್ಟೆಯ ಜೊತೆ ಎದ್ದು ಬರುತ್ತದೆ. ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದು ಇಟ್ಟು ಇನ್ನೂ ಜೋರಾಗಿ ಒತ್ತಿ. ಎರಡನೆಯದೂ ಬೇಗ ನೆನೆದರೆ ಮೂರು, ನಾಲ್ಕು ಅಂತ ಪೇರಿಸುತ್ತಾ ಹೋಗಬೇಡಿ. ನೀವು ಒತ್ತುತ್ತಿರುವ ಜಾಗ ತಪ್ಪಿದೆ ಅಂತ ಅರ್ಥ. ಆಗ ಮಾತ್ರ ತೆಗೆದು, ಸರಿಯಾದ ಜಾಗ ಕಂಡುಹಿಡಿದು, ಹೊಸ ಬಟ್ಟೆಯಿಂದ ಒತ್ತಿ. ಕೈಕಾಲಾದರೆ ಹಂತ 4ಕ್ಕೆ ಹೋಗಿ.

ತೊಡೆಸಂದಿ, ಕಂಕುಳಿನ ಆಳವಾದ ಗಾಯಕ್ಕೆ ಮೇಲಿನಿಂದ ಒತ್ತಿದರೆ ಸಾಲುವುದಿಲ್ಲ. ಅಲ್ಲಿ ಪಟ್ಟಿ ಬಿಗಿಯಲೂ ಆಗುವುದಿಲ್ಲ. ಗಾಜ್ ಸುರುಳಿಯ ತುದಿಯನ್ನು ಬೆರಳಿನಿಂದ ಗಾಯದ ತಳದ ತನಕ ತುರುಕಿ. ಮೂಟೆಗೆ ಕಾಫಿ ತುಂಬಿ ಅದುಮುವ ಹಾಗೆ ಸಂದು ಬಿಡದೆ ತುಂಬಿಸಿ, ಮೇಲಿನಿಂದ ಒತ್ತಿ ಹಿಡಿಯಿರಿ. ನೋವಿಗೆ ಅವರು ಕಿರುಚುತ್ತಾರೆ. ನಿಲ್ಲಿಸಬೇಡಿ. ಎದೆ ಮತ್ತು ಹೊಟ್ಟೆಯ ಗಾಯಕ್ಕೆ ಮಾತ್ರ ಹೀಗೆ ತುರುಕಬಾರದು. ಕುತ್ತಿಗೆಯಾದರೆ ರಕ್ತ ಬರುವ ಒಂದೇ ಬದಿಯನ್ನು ಒತ್ತಿ, ಸುತ್ತಿ ಕಟ್ಟಬೇಡಿ.

ಕೋಲು, ಗೂಟ, ಕತ್ತಿಯ ತುಂಡು ಒಳಗೆ ಚುಚ್ಚಿಕೊಂಡಿದ್ದರೆ ಕೀಳಬೇಡಿ. ಒಳಗಿನ ರಕ್ತನಾಳಕ್ಕೆ ಅದೇ ಬಿರಡೆ ಆಗಿರಬಹುದು. ಅದರ ಎರಡೂ ಪಕ್ಕ ಬಟ್ಟೆ ಒತ್ತಿಟ್ಟು, ಅಲ್ಲಾಡದ ಹಾಗೆ ಕಟ್ಟಿ.

ಇನ್ನು ಕಾಫಿ ಪುಡಿ. ನಮ್ಮ ಕಡೆ ಗಾಯ ಅಂದ ಕೂಡಲೇ ಅಡುಗೆಮನೆಯಿಂದ ಕಾಫಿ ಪುಡಿ ಬರುತ್ತದೆ. ಅರಸಿನ, ಸುಣ್ಣ, ಬೂದಿಯೂ ಬರುತ್ತವೆ. ಚಿಮ್ಮುವ ರಕ್ತವನ್ನು ಇವು ಯಾವುವೂ ನಿಲ್ಲಿಸುವುದಿಲ್ಲ. ಪುಡಿ ಹಾಕಲು ಕೈ ತೆಗೆದಷ್ಟೂ ಹೊತ್ತು ರಕ್ತ ಹೋಗುತ್ತದೆ. ಆಮೇಲೆ ಡಾಕ್ಟರ್ ಆ ಪುಡಿಯನ್ನೆಲ್ಲ ತೊಳೆದು ತೆಗೆದ ಮೇಲೆಯೇ ಹೊಲಿಗೆ ಹಾಕಬೇಕು. ದಯವಿಟ್ಟು ಬೇಡ.

## ಹಂತ 4: ನಿಲ್ಲದಿದ್ದರೆ ಟೂರ್ನಿಕೆಟ್, ಕೈಕಾಲಿಗೆ ಮಾತ್ರ

ರಕ್ತ ಚಿಮ್ಮುತ್ತಲೇ ಇದ್ದರೆ, ಕೈ ಅಥವಾ ಕಾಲು ತುಂಡಾಗಿದ್ದರೆ, ಒತ್ತಲು ಜನವೇ ಇಲ್ಲದಿದ್ದರೆ ಪಟ್ಟಿ ಬಿಗಿಯಿರಿ.

1. ಗಾಯದಿಂದ ಮೂರು ನಾಲ್ಕು ಬೆರಳು ಮೇಲೆ, ಹೃದಯದ ಕಡೆಗೆ ಇರಲಿ. ಮೊಣಕಾಲು, ಮೊಣಕೈ ಗಂಟಿನ ಮೇಲೆ ಬೇಡ, ಅದಕ್ಕಿಂತ ಮೇಲೆ ಹೋಗಿ.
2. ಪಟ್ಟಿ ಸುತ್ತಿ ಒಂದು ಗಂಟು ಹಾಕಿ, ಗಂಟಿನ ಮೇಲೆ ಕೋಲಿಟ್ಟು ಇನ್ನೊಂದು ಗಂಟು ಹಾಕಿ.
3. ರಕ್ತ ನಿಲ್ಲುವ ತನಕ ಕೋಲು ತಿರುಗಿಸಿ. ಅರ್ಧಂಬರ್ಧ ಬಿಗಿದರೆ ರಕ್ತ ಇನ್ನೂ ಜಾಸ್ತಿ ಹೋಗುತ್ತದೆ.
4. ಕೋಲು ಬಿಚ್ಚದ ಹಾಗೆ ಕಟ್ಟಿ. ಕಟ್ಟಿದ ಸಮಯವನ್ನು ಮಾರ್ಕರಿನಿಂದ ಹಣೆಯ ಮೇಲೆ ಬರೆಯಿರಿ.
5. ಇನ್ನೂ ನಿಲ್ಲದಿದ್ದರೆ ಅದರ ಮೇಲ್ಗಡೆ ಇನ್ನೊಂದು ಪಟ್ಟಿ ಕಟ್ಟಿ.

ಸರಿಯಾಗಿ ಬಿಗಿದ ಪಟ್ಟಿ ವಿಪರೀತ ನೋಯುತ್ತದೆ. "ಸ್ವಲ್ಪ ಸಡಿಲ ಮಾಡಣ್ಣಾ" ಅಂತ ಕೈ ಮುಗಿದು ಕೇಳುತ್ತಾರೆ. ಕರುಳು ಚುರ್ ಅನ್ನುತ್ತದೆ. ಆದರೂ ಸಡಿಲ ಮಾಡಬೇಡಿ. ಹತ್ತು ನಿಮಿಷಕ್ಕೊಮ್ಮೆ ಬಿಚ್ಚಿ ಕಟ್ಟುವುದು ಹಳೆಯ ರೂಢಿ, ಅದು ತಪ್ಪು. ಬಿಚ್ಚುವುದು ಆಸ್ಪತ್ರೆಯಲ್ಲೇ. ಎರಡು ಗಂಟೆಯೊಳಗೆ ತಲುಪಿದರೆ ಕೈಕಾಲಿಗೆ ಶಾಶ್ವತ ತೊಂದರೆ ಆಗುವ ಸಾಧ್ಯತೆ ಕಡಿಮೆ.

ತಂತಿ, ನೈಲಾನ್ ಹಗ್ಗ, ತೆಳು ದಾರ ಯಾವುದೂ ಬೇಡ. ಅವು ಮಾಂಸಕ್ಕೆ ಇಳಿಯುತ್ತವೆ. ಇನ್ನೊಂದು ಮಾತು: ಹಾವು ಕಚ್ಚಿದರೆ ಈ ಪಟ್ಟಿ ಕಟ್ಟಲೇಬಾರದು. ಕಚ್ಚಿದ ಭಾಗ ಅಲ್ಲಾಡದ ಹಾಗೆ ಇಟ್ಟು, ನಡೆಸದೆ ಆಸ್ಪತ್ರೆಗೆ ಕರೆದೊಯ್ಯಿರಿ.

## ಹಂತ 5: ಮಲಗಿಸಿ, ಬೆಚ್ಚಗಿಡಿ, ಬಾಯಿಗೆ ಏನೂ ಹಾಕಬೇಡಿ

ಅಂಗಾತ ಮಲಗಿಸಿ. ಕುರ್ಚಿಯಲ್ಲಿ ಕೂರಿಸುವುದು, "ನಾಲ್ಕು ಹೆಜ್ಜೆ ನಡೀ" ಅನ್ನುವುದು ಬೇಡ. ಕಾಲು ಎತ್ತಿಡುವುದು ಭೇದಿ ವಾಂತಿಯಿಂದ ತಲೆಸುತ್ತಿ ಬಿದ್ದವರಿಗೆ ಸರಿ. ಪೆಟ್ಟು ಬಿದ್ದವರಿಗೆ ಬೇಡ. ಸೊಂಟ, ಕಾಲು, ಬೆನ್ನುಮೂಳೆ ಮುರಿದಿದ್ದರೆ ಎತ್ತಿದಾಗ ಒಳಗೆ ಇನ್ನಷ್ಟು ಹಾಳಾಗುತ್ತದೆ. ತುಂಬು ಗರ್ಭಿಣಿಯನ್ನು ಎಡಮಗ್ಗುಲಿಗೆ ವಾಲಿಸಿ. ವಾಂತಿ ಆಗುತ್ತಿದ್ದರೆ, ಎಚ್ಚರ ತಪ್ಪಿ ಉಸಿರಾಡುತ್ತಿದ್ದರೆ ಮಗ್ಗುಲಿಗೆ ತಿರುಗಿಸಿ. ಉಸಿರೇ ಇಲ್ಲದಿದ್ದರೆ ಎದೆ ಒತ್ತಲು ಶುರು ಮಾಡಿ.

ಚಳಿ ಬಗ್ಗೆ ಜನ ಗಮನ ಕೊಡುವುದಿಲ್ಲ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದೇ ನಿಧಾನ. ಆಷಾಢದ ಮಳೆಯಲ್ಲಿ ಭಾಗಮಂಡಲದ ಕಡೆ, ಡಿಸೆಂಬರ್ ಬೆಳಗ್ಗೆ ಸೋಮವಾರಪೇಟೆ ಕಡೆ ಒದ್ದೆ ನೆಲದ ಮೇಲೆ ಹತ್ತು ನಿಮಿಷ ಮಲಗಿದರೆ ಸಾಕು, ಗಟ್ಟಿಮುಟ್ಟಾದವರೂ ನಡುಗುತ್ತಾರೆ. ಮೊದಲು ಮೈ ಕೆಳಗೆ ಹಾಸಿ, ಆಮೇಲೆ ಮೇಲೆ ಹೊದಿಸಿ. ನೆಲ ಎಳೆದುಕೊಳ್ಳುವಷ್ಟು ಬಿಸಿಯನ್ನು ಗಾಳಿ ಎಳೆಯುವುದಿಲ್ಲ. ಒಣಗಿದ ಗೋಣಿಚೀಲ ಎರಡು ಪದರ, ಅದರ ಮೇಲೆ ಕಂಬಳಿ. ಒದ್ದೆ ಬಟ್ಟೆ ಕತ್ತರಿಸಿ ತೆಗೆಯಿರಿ. ತಲೆಗೂ ಮುಚ್ಚಿ. ಬೆಂಕಿ ಹತ್ತಿರ ಇಡುವುದು, ಕೈಕಾಲು ಉಜ್ಜುವುದು ಬೇಡ.

ರಕ್ತ ಹೋದವರಿಗೆ ಬಾಯಾರಿಕೆ ಆಗುತ್ತದೆ. ನೀರು, ಕಾಫಿ, ಬೆಲ್ಲದ ನೀರು, ಬ್ರಾಂದಿ ಯಾವುದನ್ನೂ ಕೊಡಬೇಡಿ. ಆಪರೇಷನ್‌ಗೆ ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಬಹುದು. ಬ್ರಾಂದಿಯಂತೂ ಮೈಯ ಬಿಸಿಯನ್ನೂ ಕಳೆಯುತ್ತದೆ. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿ, "ಇಲ್ಲೇ ಇದ್ದೀನಿ, ಗಾಡಿ ಬರ್ತಾ ಇದೆ" ಅಂತ ಮಾತಾಡಿಸುತ್ತಾ ಇರಿ.

## ಹಂತ 6: ಶಾಕ್ ಲಕ್ಷಣ ನೋಡಿ, ಬರೆದಿಡಿ

ಐದು ನಿಮಿಷಕ್ಕೊಮ್ಮೆ ನಾಲ್ಕು ವಿಷಯ ನೋಡಿ.

ನಾಡಿ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕಡೆ ಎರಡು ಬೆರಳಿಟ್ಟು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ದೊಡ್ಡವರಿಗೆ 100 ದಾಟಿದರೆ ಎಚ್ಚರ, 120 ದಾಟಿದರೆ ಅಪಾಯ. ಮಣಿಕಟ್ಟಿನಲ್ಲಿ ಸಿಗದೆ ಕುತ್ತಿಗೆಯಲ್ಲಿ ಮಾತ್ರ ಸಿಕ್ಕರೆ ತುಂಬಾ ಅಪಾಯ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಏರದೇ ಇರಬಹುದು. ಅಂಥವರಲ್ಲಿ ಉಳಿದ ಲಕ್ಷಣ ನೋಡಿ.

ಚರ್ಮ. ತಣ್ಣಗೆ, ಬೆವರಿ ಅಂಟಂಟು. ಕಪ್ಪು ಮೈಬಣ್ಣದವರಲ್ಲಿ ಮುಖ ನೋಡಿದರೆ ಗೊತ್ತಾಗುವುದಿಲ್ಲ. ಕೆಳತುಟಿಯ ಒಳಭಾಗ, ನಾಲಿಗೆ, ಅಂಗೈ ನೋಡಿ. ಉಗುರನ್ನು ಐದು ಸೆಕೆಂಡ್ ಒತ್ತಿ ಬಿಡಿ. ಬಿಳುಚಿದ್ದು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಚಳಿಯಲ್ಲಿ ಬೆರಳು ಮೋಸ ಮಾಡುತ್ತದೆ, ಆಗ ಎದೆಯ ನಡುವೆ ಒತ್ತಿ ನೋಡಿ.

ಉಸಿರು. ಬೇಗ ಬೇಗ, ಮೇಲುಸಿರು.

ಮನಸ್ಸು. ನನ್ನ ಅನುಭವದಲ್ಲಿ ಎಲ್ಲರೂ ತಪ್ಪಾಗಿ ತಿಳಿಯುವುದು ಇದನ್ನೇ. ಮೊದಲು ಚಡಪಡಿಕೆ, ಸಿಟ್ಟು, "ಬಿಡಿ ನನ್ನ, ಮನೆಗೆ ಹೋಗ್ತೀನಿ" ಅಂತ ಏಳಲು ನೋಡುವುದು. ಕುಡಿದಿದ್ದಾನೆ ಅಂತ ಬೈದುಬಿಡುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ. "ಈಗ ಸಮಾಧಾನ ಆಯ್ತು" ಅಂತ ಸುತ್ತ ಇದ್ದವರು ಅಂದುಕೊಳ್ಳುತ್ತಾರೆ. ಮಿದುಳಿಗೆ ರಕ್ತ ಸಾಲದೆ ಅವರು ಜಾರುತ್ತಿರುತ್ತಾರೆ.

ಸಮಯ, ನಾಡಿ, ಹೇಗಿದ್ದಾರೆ, ಮೂರನ್ನೂ ಒಂದು ಕಾಗದದಲ್ಲಿ ಬರೆಯಿರಿ. 96, 110, 124 ಅಂತ ಏರುವ ಸಾಲು ನೋಡಿದರೆ ಡಾಕ್ಟರಿಗೆ ಕೂಡಲೇ ಅರ್ಥವಾಗುತ್ತದೆ.

## ಹಂತ 7: ಸಾಗಿಸುವುದು

ತೋಟದ ಒಳಗಿಂದ ರಸ್ತೆಗೆ ತರಲು ಎರಡು ಗಟ್ಟಿ ಬಿದಿರು, ಮೂರು ಗೋಣಿಚೀಲ ಸಾಕು. ಚೀಲದ ತಳದ ಎರಡೂ ಮೂಲೆ ಕತ್ತರಿಸಿ, ಬಿದಿರು ತೂರಿಸಿ. ಮೊದಲು ಗಟ್ಟಿ ಆಳೊಬ್ಬನನ್ನು ಮಲಗಿಸಿ ಎತ್ತಿ ನೋಡಿ. ಹೊರುವಾಗಲೂ ಒಬ್ಬರ ಕೈ ಗಾಯದ ಮೇಲೆ ಇರಲಿ.

ಬೈಕಿನಲ್ಲಿ ಮಧ್ಯೆ ಕೂರಿಸಿ ಒಯ್ಯುವುದು ಬೇಡ. ಕೂತ ಭಂಗಿಯಲ್ಲಿ ಇರುವ ಸ್ವಲ್ಪ ರಕ್ತವೂ ಕಾಲಿಗೆ ಇಳಿಯುತ್ತದೆ, ದಾರಿಯಲ್ಲೇ ಎಚ್ಚರ ತಪ್ಪುತ್ತಾರೆ. ಆಂಬುಲೆನ್ಸ್ ತಡ ಅಂತ ಗೊತ್ತಾದರೆ ಜೀಪಿನ ಹಿಂದೆ ಹಾಸಿ ಮಲಗಿಸಿ ಹೊರಡಿ. 108ಕ್ಕೆ ಮತ್ತೆ ಫೋನ್ ಮಾಡಿ ದಾರಿಯಲ್ಲಿ ಎಲ್ಲಿ ಸೇರಬಹುದು ಅಂತ ಕೇಳಿ.

ಎಲ್ಲಿಗೆ ಒಯ್ಯಬೇಕು? ಕೊಡಗಿನಲ್ಲಿ ರೈಲಿಲ್ಲ, ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ರಕ್ತ ಹರಿಯುತ್ತಿರುವವರನ್ನು ನೇರ ಮೈಸೂರಿಗೆ ಒಯ್ಯುತ್ತೇನೆ ಅನ್ನುವುದು ಅಪಾಯದ ಲೆಕ್ಕ. ಸಲೈನ್, ರಕ್ತ, ಸರ್ಜನ್, ಈ ಮೂರೂ ಇರುವ ಹತ್ತಿರದ ಜಾಗ ಬೇಕು. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ವಿರಾಜಪೇಟೆ ಮತ್ತು ಸೋಮವಾರಪೇಟೆಯ ತಾಲ್ಲೂಕು ಆಸ್ಪತ್ರೆ ನಿಮಗೆ ಎಷ್ಟು ದೂರ ಅಂತ ಮೊದಲೇ ಲೆಕ್ಕ ಹಾಕಿಡಿ. ಕುಟ್ಟ ಕಡೆಯವರಿಗೆ ಮಡಿಕೇರಿಗಿಂತ ಕೇರಳದ ಮಾನಂದವಾಡಿಯೇ ಹತ್ತಿರ. ಮಳೆಗಾಲದಲ್ಲಿ ಮರ ಬಿದ್ದು, ಗುಡ್ಡ ಜರಿದು ಘಾಟಿ ರಸ್ತೆ ಮುಚ್ಚುವುದು ನಮಗೆ ಹೊಸದಲ್ಲ. 2018ರ ಆಗಸ್ಟಿನ ಭೂಕುಸಿತ ನೆನಪಿದೆಯಲ್ಲ. ಎರಡನೇ ದಾರಿಯೂ ಗೊತ್ತಿರಲಿ. ಹೊರಡುವಾಗಲೇ ಆಸ್ಪತ್ರೆಗೆ ಫೋನ್ ಮಾಡಿ ಹೇಳಿ.

ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಮುಟ್ಟಲು ಕೆಲವರು ಪೊಲೀಸ್ ಕೇಸಿಗೆ ಹೆದರುತ್ತಾರೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ ಅದು ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕು ಅಂತ ಅವರನ್ನು ಒತ್ತಾಯಿಸುವ ಹಾಗಿಲ್ಲ.

## ಹಂತ 8: ಆಸ್ಪತ್ರೆಯಲ್ಲಿ ಹೇಳಬೇಕಾದ್ದು

ಗಾಯ ಎಷ್ಟು ಗಂಟೆಗೆ ಆಯಿತು, ಪಟ್ಟಿ ಎಷ್ಟು ಗಂಟೆಗೆ ಕಟ್ಟಿದಿರಿ, ರಕ್ತ ಅಂದಾಜು ಎಷ್ಟು ಹೋಯಿತು, ನಾಡಿಯ ಚೀಟಿ. ಸಮಯ ಯಾಕೆ ಅಷ್ಟು ಮುಖ್ಯ ಅಂದರೆ, ರಕ್ತಸ್ರಾವ ತಡೆಯಲು ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಗಾಯವಾದ ಮೂರು ಗಂಟೆಯೊಳಗೆ ಹೋದರೆ ಮಾತ್ರ ಪ್ರಯೋಜನ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಥರದ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರೆ ಚೀಟಿಯನ್ನೇ ಒಯ್ಯಿರಿ. ರಕ್ತ ಕೊಡಬಲ್ಲ ಇಬ್ಬರು ಜೊತೆಗೆ ಹೋದರೆ ಒಳ್ಳೆಯದು.

## ಹೊರಗೆ ರಕ್ತವೇ ಕಾಣದಿದ್ದಾಗ

ನಮ್ಮ ಪಕ್ಕದ ತೋಟದಲ್ಲಿ ಕಪಾತು ಮಾಡುವಾಗ ಒಬ್ಬರು ಸಿಲ್ವರ್ ಓಕ್ ಮರದಿಂದ ಬಿದ್ದರು. ಮೈಮೇಲೆ ಒಂದು ಗೀರೂ ಇರಲಿಲ್ಲ. ಎದ್ದು ಕೂತು ಕಪ್ಪು ಕಾಫಿ ಕುಡಿದರು. ಕೆಲಸದವರ ಲೈನ್ ಮನೆಯಲ್ಲಿ ಮಲಗಿಸಿದರು. ಸಂಜೆ ಹೆಂಡತಿ ಬಂದು, "ಕೈ ಐಸ್ ಥರ ಇದೆ, ಎಡ ಭುಜ ನೋಯ್ತದೆ ಅಂತಿದ್ದಾರೆ" ಅಂದಳು. ಭುಜಕ್ಕೆ ಪೆಟ್ಟೇ ಬಿದ್ದಿರಲಿಲ್ಲ. ಒಳಗೆ ಗುಲ್ಮ (ಹೊಟ್ಟೆಯ ಎಡಭಾಗದಲ್ಲಿರುವ ಅಂಗ, ಸ್ಪ್ಲೀನ್) ಒಡೆದು, ಹೊಟ್ಟೆ ತುಂಬಾ ರಕ್ತ ತುಂಬಿ, ಅದು ವಪೆಯನ್ನು (ಎದೆ, ಹೊಟ್ಟೆಯ ನಡುವಿನ ಪರದೆ) ಕೆರಳಿಸಿದಾಗ ಎಡ ಭುಜದ ತುದಿಯಲ್ಲಿ ನೋವು ಕಾಣಿಸುತ್ತದೆ. ಆಪರೇಷನ್ ಆಗಿ ಉಳಿದರು. ಆದರೆ ಬೆಳಗ್ಗೆಯೇ ಹೊರಡಬೇಕಿತ್ತು.

ಎತ್ತರದಿಂದ ಬಿದ್ದವರು, ಮೆಣಸಿನ ಏಣಿಯಿಂದ ಜಾರಿದವರು, ಆನೆ ತಳ್ಳಿದವರು, ಜೀಪ್ ಮಗುಚಿದಾಗ ಒಳಗಿದ್ದವರು, ಇವರೆಲ್ಲರಿಗೂ ಒಳಗೆ ರಕ್ತ ಹೋಗುತ್ತಿದೆ ಅಂತಲೇ ತಿಳಿದು ನಡೆಯಿರಿ. ತೊಡೆಮೂಳೆ ಒಂದು ಮುರಿದರೂ ತೊಡೆಯೊಳಗೇ ಒಂದು ಲೀಟರಿಗಿಂತ ಜಾಸ್ತಿ ರಕ್ತ ತುಂಬಬಹುದು. ಸೊಂಟದ ಮೂಳೆ ಮುರಿದರೆ ಅದಕ್ಕಿಂತ ಜಾಸ್ತಿ. ಸೊಂಟ ಮುರಿದಿದೆ ಅನ್ನಿಸಿದರೆ ಒತ್ತಿ, ಅಲ್ಲಾಡಿಸಿ ಪರೀಕ್ಷೆ ಮಾಡಬೇಡಿ. ಮಡಚಿದ ಬೆಡ್‌ಶೀಟನ್ನು ತೊಡೆಯ ಮೇಲ್ಭಾಗದಲ್ಲಿ ಪಕ್ಕಕ್ಕೆ ಉಬ್ಬಿರುವ ಎರಡು ಮೂಳೆಗಳ ಮಟ್ಟದಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿ. ಹೊಟ್ಟೆಯ ಮಟ್ಟದಲ್ಲಿ ಕಟ್ಟಿದರೆ ಪ್ರಯೋಜನ ಇಲ್ಲ.

ಪೆಟ್ಟೇ ಇಲ್ಲದೆಯೂ ಒಳಗೆ ರಕ್ತ ಹೋಗುತ್ತದೆ. ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾದ ಮಲ. ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರಿನಲ್ಲಿ ಉಳಿಯುವ ಚರಟದಂಥ ವಾಂತಿ. ಮುಟ್ಟು ತಪ್ಪಿದ ಹೆಂಗಸಿಗೆ ಕಿಬ್ಬೊಟ್ಟೆ ನೋವಿನ ಜೊತೆ ತಲೆಸುತ್ತು. ಹೆರಿಗೆ ಆದ ಮೇಲೆ ಬಟ್ಟೆ ಮೇಲೆ ಬಟ್ಟೆ ನೆನೆಯುವುದು. ಯಾವುದಕ್ಕೂ ಬೆಳಗಾಗುವ ತನಕ ಕಾಯಬೇಡಿ.

## ವಾಂತಿ ಭೇದಿಯಿಂದ ನೀರು ಹೋದಾಗ

ಇಲ್ಲಿ ನಿಯಮ ತಿರುಗುತ್ತದೆ. ರಕ್ತ ಹೋದವರಿಗೆ ಬಾಯಿಗೆ ಏನೂ ಇಲ್ಲ. ನೀರು ಹೋದವರಿಗೆ ಎಚ್ಚರ ಇರುವ ತನಕ ಬಾಯಿಗೇ ಕೊಡಬೇಕು.

1. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ದೊಡ್ಡ ಓಆರ್‌ಎಸ್ ಪ್ಯಾಕೆಟ್ ಪೂರ್ತಿ ಹಾಕಿ. 200 ಮಿ.ಲೀ.ಯ ಚಿಕ್ಕ ಪ್ಯಾಕೆಟ್ ಕೂಡ ಸಿಗುತ್ತದೆ, ಪ್ಯಾಕೆಟ್ ಮೇಲಿನ ಅಳತೆ ಓದಿ. ದೊಡ್ಡ ಪ್ಯಾಕೆಟನ್ನು ಒಂದು ಲೋಟಕ್ಕೆ ಕಲಸಿದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ತೊಂದರೆ ಆಗುತ್ತದೆ.
2. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟವಾಗಿರಲಿ, ಗುಡ್ಡೆ ಬೇಡ.
3. ಒಂದು ಸಲ ಭೇದಿ ಆದಾಗ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಹತ್ತು ವರ್ಷದ ತನಕ 100ರಿಂದ 200 ಮಿ.ಲೀ., ದೊಡ್ಡವರಿಗೆ ಕುಡಿದಷ್ಟು.
4. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು, ಎರಡು ನಿಮಿಷಕ್ಕೊಂದು ಚಮಚದಂತೆ ಕೊಡಿ.
5. ಕಲಸಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಿ.

ಎದೆಹಾಲು, ಗಂಜಿ ನಿಲ್ಲಿಸಬೇಡಿ. ಸಿಹಿ ಸೋಡಾ, ಪ್ಯಾಕೆಟ್ ಜ್ಯೂಸ್, ಕಾಫಿ ಇದಕ್ಕೆ ಬದಲಿಯಲ್ಲ, ಸಕ್ಕರೆ ಜಾಸ್ತಿಯಾಗಿ ಭೇದಿ ಇನ್ನೂ ಹೆಚ್ಚುತ್ತದೆ. ಮಕ್ಕಳಿಗೆ ಜಿಂಕ್ ಮಾತ್ರೆಯನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ಪಡೆಯಿರಿ, 14 ದಿನ ಕೊಡಬೇಕು.

ಕಣ್ಣು ಗುಳಿ ಬಿದ್ದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಎರಡು ಸೆಕೆಂಡಾದರೂ ಮಡಿಕೆ ಹಾಗೇ ನಿಂತಿದ್ದರೆ, ಆರೇಳು ಗಂಟೆಯಿಂದ ಉಚ್ಚೆ ಹೋಗದಿದ್ದರೆ, ಅಳುವಾಗ ಕಣ್ಣೀರು ಬರದಿದ್ದರೆ, ಮಗು ತೂಕಡಿಸುತ್ತಾ ಕುಡಿಯದಿದ್ದರೆ ಮನೆ ಉಪಚಾರದ ಹಂತ ದಾಟಿದೆ. ಸಲೈನ್ ಬೇಕು. ತೂಕಡಿಸುವ ಮಗುವಿನ ಬಾಯಿಗೆ ಸುರಿಯಬೇಡಿ.

ಡೆಂಗಿ ಜ್ವರದಲ್ಲಿ ಇದೇ ಅಪಾಯ ಬೇರೆ ವೇಷದಲ್ಲಿ ಬರುತ್ತದೆ. ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಕೆಲವರಲ್ಲಿ ರಕ್ತದ ನೀರಿನಂಶ ನಾಳದಿಂದ ಸೋರಲು ಶುರುವಾಗುವುದು ಅದೇ ಹೊತ್ತಿಗೆ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಚಡಪಡಿಕೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಸಾಕು. ಬೆಂಕಿಯಿಂದ, ಬಿಸಿನೀರಿನಿಂದ ಮೈಯ ದೊಡ್ಡ ಭಾಗ ಸುಟ್ಟರೂ ಹೀಗೇ ನೀರು ಸೋರುತ್ತದೆ. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ, ಉಳಿದ ಮೈಯನ್ನು ಬೆಚ್ಚಗೆ ಮುಚ್ಚಿ ಕರೆದೊಯ್ಯಿರಿ.

## ಒಂದು ಅಭ್ಯಾಸ

ಕಪಾತು ಶುರುವಾಗುವ ಮೊದಲು ಒಂದು ಮಧ್ಯಾಹ್ನ ಇದನ್ನು ಮಾಡಿ. ಅರ್ಧ ಲೀಟರ್ ನೀರಿಗೆ ಕುಂಕುಮ ಕಲಸಿ ಸಿಮೆಂಟ್ ಕಣದ ಮೇಲೆ ಸುರಿಯಿರಿ. ಇನ್ನೊಂದು ಅರ್ಧ ಲೀಟರನ್ನು ಕಾಫಿ ಗಿಡದ ಬುಡದ ತರಗೆಲೆಗೆ, ಮತ್ತೊಂದನ್ನು ಹಳೆಯ ಗಮ್‌ಬೂಟಿಗೆ. ಎಲ್ಲರೂ ಸುತ್ತ ನಿಂತು ನೋಡಲಿ. ಆಮೇಲೆ ಇಬ್ಬಿಬ್ಬರಾಗಿ ಕೂತು ಟವೆಲ್ ಒತ್ತಿ ಹಿಡಿಯಲಿ, ಮೇಸ್ತ್ರಿ ಗಡಿಯಾರ ನೋಡಲಿ. ಹತ್ತು ನಿಮಿಷ. ಇಣುಕಿದವರು ಮತ್ತೆ ಮೊದಲಿನಿಂದ.